ಶೇಂಗಾ ಚಟ್ನಿಗೊಂದು ಲೇಬಲ್ಲು

ಪೊಟ್ಟಣದ ಮೇಲಿನ ಅಕ್ಷರ ಓದುವ ಚಟ ನನಗಿದೆ. ಒಳಗಿನ ಪದಾರ್ಥ ತಿಂದು ಮುಗಿದರೂ ಹೊರಗಿನ ಬರಹ ಓದಿ ಮುಗಿಯುವ ತನಕ ಪೊಟ್ಟಣವನ್ನು ಕಸದ ಬುಟ್ಟಿಗೆ ಬಿಡುವವಳಲ್ಲ ನಾನು. ಬಿಸ್ಕೀಟಿನಲ್ಲಿ ಏನೇನು ಸೇರಿದೆ, ಉಪ್ಪಿನಲ್ಲಿ ಅಯೋಡಿನ್ ಇದೆಯೋ ಇಲ್ಲವೋ, ಹಲ್ಲುಪುಡಿ ಯಾವ ಊರಿನಲ್ಲಿ ತಯಾರಾಯಿತು, ಅದನ್ನು ಒಣಗಿದ ತಂಪು ಜಾಗದಲ್ಲಿ ಇಡಬೇಕೋ ಬೇಡವೋ, ಎಲ್ಲ ನನಗೆ ಬೇಕು. ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ಒಣಗಿದ ತಂಪು ಜಾಗ ಎಂಬುದೇ ಇಲ್ಲ, ಆದರೂ ಓದುತ್ತೇನೆ. ನಮ್ಮವರು ಒಮ್ಮೆ ಹೇಳಿದ್ದರು: "ನನ್ನ ಬೆನ್ನ ಮ್ಯಾಲೂ ಹಿಂಗೊಂದು ಚೀಟಿ ಅಂಟಿಸಿದ್ರ ನೀ ನನ್ನ ಮದುವಿ ಆಗ್ತಿದ್ದಿಲ್ಲ ಬಿಡು." ಆಗುತ್ತಿದ್ದೆ. ಅವರಲ್ಲಿರುವುದು ಗೊರಕೆ, ಅವ್ವನ ಮೇಲಿನ ಭಕ್ತಿ, ಸ್ವಲ್ಪ ಸಿಟ್ಟು. ತೂಕದಲ್ಲಿ ಹೆಚ್ಚಿನದು ಮೊದಲು, ಕಡಿಮೆಯದು ಆಮೇಲೆ. ಹಾಗೆಯೇ ಬರೆಯಬೇಕೆಂದು ಕಾನೂನಿದೆ. ಆ ಕಾನೂನು ನನಗೆ ಗೊತ್ತಾದದ್ದು ಅವರ ಅವ್ವನ ಚಟ್ನಿಯಿಂದ.

ನಮ್ಮ ಅತ್ತೆ ಗೌರವ್ವ ಬಿಜಾಪುರದ ಕಡೆಯವರು. ತೊಂಬತ್ತರ ದಶಕದಲ್ಲಿ ಮಗನಿಗೆ ಚಾಕಣದ ಕಾರಖಾನೆಯಲ್ಲಿ ನೌಕರಿ ಗಟ್ಟಿಯಾದಾಗ ಒಂದು ಟ್ರಂಕು, ಒಂದು ರೊಟ್ಟಿ ಹಂಚು, ಒಂದು ಕಬ್ಬಿಣದ ಕುಟ್ಟಾಣಿ ಹಿಡಿದು ಪುಣೆಗೆ ಬಂದರು. ಟ್ರಂಕಿನಲ್ಲಿ ಏನಿತ್ತೋ ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಕುಟ್ಟಾಣಿಯಲ್ಲಿ ಮಾತ್ರ ಏನಿತ್ತೆಂದು ಇಡೀ ಕಟ್ಟಡಕ್ಕೇ ಗೊತ್ತಾಯಿತು. ಬಂದ ವಾರವೇ ಶೇಂಗಾ ಹುರಿದು, ಸಿಪ್ಪೆ ತೂರಿ, ಬಳ್ಳೊಳ್ಳಿ, ಜೀರಿಗೆ, ಉಪ್ಪು, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹಾಕಿ ಎಣ್ಣೆ ಬಿಡುವ ತನಕ ಕುಟ್ಟಿದರು. ಕೆಳಗಿನ ಮನೆಯವರು ಛಾವಣಿ ಬೀಳುತ್ತಿದೆಯೋ ಏನೋ ಎಂದು ಓಡಿ ಬಂದರು. ಎದುರು ಮನೆಯ ಬಾಗಿಲು ಮಾತ್ರ ಬೇರೆ ಕಾರಣಕ್ಕೆ ತೆರೆಯಿತು. ಅಲ್ಲಿ ಶಾಲಿನಿ ಕಾಕೂ ಮೂಗು ಮುಂದೆ ಮಾಡಿಕೊಂಡು ನಿಂತಿದ್ದರು.

ಶಾಲಿನಿ ಕಾಕೂ ಅಂದರೆ ಅಚ್ಚ ಪುಣೆಯ ಹೆಂಗಸು. ಯಜಮಾನರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡಿದ್ದರು. ಮಗ ಊರೂರು ತಿರುಗುವ ಕೆಲಸದವನು. ಒಬ್ಬರೇ ಇದ್ದರು. ಅತ್ತೆ ಒಂದು ಬಟ್ಟಲು ಚಟ್ನಿ ಕೊಟ್ಟು ಕಳಿಸಿದರು. ಮರುದಿನ ಬಟ್ಟಲು ತೊಳೆದು ಬಂತು, ಒಳಗೆ ಒಂದು ಚಮಚೆ ಸಕ್ಕರೆ. ಬಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು ಎಂಬ ರೀತಿ ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಮನೆಯಲ್ಲಿ ಬೇರೇನೂ ಇರಲಿಲ್ಲ, ಅದಕ್ಕೆ ಸಕ್ಕರೆ ಎಂದು ಕಾಕೂ ಮರಾಠಿಯಲ್ಲಿ ಹೇಳಿದರು. ಅತ್ತೆಗೆ ಮರಾಠಿ ಅರ್ಥವಾಗಲಿಲ್ಲ, ಸಕ್ಕರೆ ಅರ್ಥವಾಯಿತು. ಅವತ್ತಿನಿಂದ ಇಬ್ಬರೂ ಗೆಳತಿಯರಾದರು.

ಇವರಿಬ್ಬರ ಸಂಭಾಷಣೆ ಕೇಳಬೇಕು ನೀವು. ಅತ್ತೆಯ ಮರಾಠಿಯಲ್ಲಿ ಪ್ರತಿ ಕ್ರಿಯಾಪದಕ್ಕೂ ಒಂದು "ರೀ" ಅಂಟಿರುತ್ತಿತ್ತು. "ಕಾಕೂ, ಯಾ ರೀ, ಬಸಾ ರೀ, ಚಹಾ ಘ್ಯಾ ರೀ!" ಬನ್ನಿ, ಕೂಡಿ, ಚಹಾ ತಗೊಳ್ಳಿ ಎಂದು. ಕಾಕೂ ಕಲಿತ ಕನ್ನಡ "ಹೌದ್ರಿ", "ಬ್ಯಾಡ್ರಿ", "ಭಾಳ ಛಲೋ" ಇಷ್ಟೇ. ಈ ಬಂಡವಾಳದಲ್ಲಿ ಅವರು ಇಡೀ ಜಗತ್ತಿನ ಸೊಸೆಯರ ವಿಚಾರ ಮಾತಾಡಿ ಮುಗಿಸುತ್ತಿದ್ದರು. ನಾನು ವಿಮಾ ಕಚೇರಿಯಿಂದ ಬಂದು ಚಪ್ಪಲಿ ಬಿಡುವಾಗ ಇಬ್ಬರೂ ಒಮ್ಮೆಲೇ ಸುಮ್ಮನಾಗುತ್ತಿದ್ದರೆ ಅವತ್ತಿನ ವಿಷಯ ಯಾರೆಂದು ಬೇರೆ ಕೇಳಬೇಕಾಗಿರಲಿಲ್ಲ.

ಚಟ್ನಿ ವ್ಯಾಪಾರಕ್ಕಿಳಿದದ್ದು ಈರಣ್ಣನಿಂದ. ಜಮಖಂಡಿ ಕಡೆಯ ಈರಣ್ಣ ನಮ್ಮ ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಒಂದು ದಿನ ಚಟ್ನಿ ನೆಕ್ಕಿ ನೋಡಿ, "ಅತ್ತಿ, ಇದನ್ನ ಪಾಕೀಟ ಮಾಡಿ ಕೊಡ್ರಿ, ನಾ ಮಾರ್ತೀನಿ" ಎಂದರು. ಮಾರಿದರು. ಕಟ್ಟಡ ಕೆಲಸಕ್ಕೆ ಬಂದ ಕಲಬುರ್ಗಿ, ಯಾದಗಿರಿ ಕಡೆಯ ಜನ ಸಂಜೆ ಒಯ್ಯುತ್ತಿದ್ದರು. ಮರಾಠಿ ಗುಮಾಸ್ತರು ಬೆಳಿಗ್ಗೆ ಒಯ್ಯುತ್ತಿದ್ದರು. ಖರಾಡಿಯ ಕಂಪ್ಯೂಟರ್ ಕಚೇರಿಯ ಬೆಂಗಳೂರಿನ ಹುಡುಗಿಯೊಬ್ಬಳು ಅಲ್ಲಿಂದ ಇಲ್ಲಿಯ ತನಕ ಸ್ಕೂಟಿ ಓಡಿಸಿಕೊಂಡು ಬಂದು, "ಆಂಟಿ, ಸಖತ್ತಾಗಿದೆ, ಸ್ವೀಟೂ ಅಲ್ಲ ಸ್ಪೈಸೀನೂ ಅಲ್ಲ, ಏನೋ ಒಂಥರಾ!" ಎಂದಳು. ಈ "ಏನೋ ಒಂಥರಾ" ಎಂಬುದೇ ಎಲ್ಲರ ಅಭಿಪ್ರಾಯವಾಗಿತ್ತು. ನಮ್ಮ ಕಡೆಯವರು ಸ್ವಲ್ಪ ಸೀ ಅದ ಎನ್ನುತ್ತ ಇನ್ನೊಂದು ಪಾಕೀಟು ಕೇಳುತ್ತಿದ್ದರು. ಪುಣೆಯವರು ತಿಖಟ, ತಿಖಟ, ಅಂದರೆ ಖಾರ, ಖಾರ ಎಂದು ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಪಾಕೀಟು ಕೇಳುತ್ತಿದ್ದರು.

ಮಾಡುವ ಕ್ರಮ ಹೀಗಿತ್ತು. ಶನಿವಾರ ಬೆಳಿಗ್ಗೆ ಅತ್ತೆ ಹುರಿದು ಕುಟ್ಟುವುದು, ಕಾಕೂ ಸಿಪ್ಪೆ ತೂರಿ ಬಳ್ಳೊಳ್ಳಿ ಬಿಡಿಸುವುದು. ಕುಟ್ಟಿದ ಚಟ್ನಿ ಬೆಚ್ಚಗಿರುತ್ತದೆ. ಹಾಗೇ ಪ್ಲಾಸ್ಟಿಕ್ಕಿಗೆ ತುಂಬಿದರೆ ಬೆವರುತ್ತದೆ. ನಮ್ಮ ಮನೆಗೆ ಪಶ್ಚಿಮದ ಬಿಸಿಲು, ಕಾಕೂ ಮನೆ ತಂಪು. ಅದಕ್ಕೆ ಅತ್ತೆ ಚಟ್ನಿಯನ್ನು ಅಗಲವಾದ ಸ್ಟೀಲಿನ ಪರಾತದಲ್ಲಿ ಹರವಿ, ಅಂಗೈಯಿಂದ ಮಟ್ಟ ಮಾಡಿ, ನಾಲ್ಕು ಬೆರಳಿನಿಂದ ಒಂದು ಗೆರೆ ಎಳೆದು, ತೆಳು ಬಟ್ಟೆ ಮುಚ್ಚಿ ಎದುರು ಮನೆಗೆ ಕಳಿಸುತ್ತಿದ್ದರು. ಸಂಜೆ ಪರಾತ ತಿರುಗಿ ಬರುತ್ತಿತ್ತು. ಪಾಕೀಟಿನ ಬಾಯಿ ಕಾಯಿಸಿ ಅಂಟಿಸಲು ಮೇಣಬತ್ತಿ ಬೇಕು. ಅದು ಕಾಕೂ ಮನೆಯಲ್ಲೇ ಮರೆತಿರುತ್ತಿತ್ತು. ಕಾಕೂ ಅದನ್ನು ತರಲು ಹೋದಾಗ ಅತ್ತೆ ಚಟ್ನಿಯನ್ನು ನಾಲಿಗೆಗೆ ಹಚ್ಚಿ ನೋಡಿ, ಮುಖ ಕಿವುಚಿ, ಡಬ್ಬಿಯಿಂದ ಖಾರದ ಪುಡಿ ಸುರಿದು ಲಗುಬಗೆಯಿಂದ ಕಲಸುತ್ತಿದ್ದರು. "ಈ ಊರಿನ ಶೇಂಗಾ ಖಾರ ನುಂಗತಾವ" ಎನ್ನುತ್ತಿದ್ದರು. ಅದೂ ಮಾಡುವ ಕ್ರಮದ ಒಂದು ಭಾಗ ಎಂದೇ ನಾನು ತಿಳಿದಿದ್ದೆ.

ಹೊಸ ಶತಮಾನ ಶುರುವಾದ ಆ ವರ್ಷಗಳಲ್ಲಿ ಸರಕಾರಕ್ಕೆ ನಮ್ಮ ಆರೋಗ್ಯದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ಎಲ್ಲೆಂದರಲ್ಲಿ ಉಗುಳಬೇಡಿ ಎಂಬ ಬೋರ್ಡು, ಬೀಡಿ ಸೇದಬೇಡಿ ಎಂಬ ಬೋರ್ಡು, ಗುಟಕಾ ಬೇಡ ಎಂಬ ಬೋರ್ಡು. ಆ ಬೋರ್ಡುಗಳ ಮೇಲೆಯೇ ಜನ ಉಗುಳುತ್ತಿದ್ದರು, ಆ ಮಾತು ಬೇರೆ. ಮುಂದೆ ನನ್ನ ಮಗಳು ಹೈಸ್ಕೂಲಿಗೆ ಬಂದಾಗ ಶಾಲೆಯಲ್ಲಿ ಮೊಬೈಲ್ ತರಬಾರದೆಂಬ ಚೀಟಿ ಬಂತು. ಅವಳ ಬಳಿ ಮೊಬೈಲೇ ಇರಲಿಲ್ಲ, ಆದರೂ ದೊಡ್ಡ ಹಕ್ಕು ಕಳೆದುಕೊಂಡವಳಂತೆ ಎರಡು ದಿನ ಮುಖ ಊದಿಸಿಕೊಂಡಿದ್ದಳು. ನನಗೇನೋ ಇಂಥ ಕಾನೂನುಗಳ ಮೇಲೆ ಸಿಟ್ಟು ಬರುವುದಿಲ್ಲ. ಏನು ತಿಂದೆ, ಯಾರು ಕೊಟ್ಟರು, ಅದರಲ್ಲಿ ಏನು ಹಾಕಿದ್ದರು ಎಂದು ಕೇಳುವ ತಾಯಂದಿರ ನಡುವೆ ಬೆಳೆದವಳು ನಾನು. ಸರಕಾರವೂ ಅದನ್ನೇ ಕೇಳುತ್ತದೆ, ಮೂರು ಪ್ರತಿಗಳಲ್ಲಿ ಕೇಳುತ್ತದೆ ಅಷ್ಟೇ.

ಒಂದು ಸಂಜೆ ಈರಣ್ಣ ನಮ್ಮ ಮನೆಗೇ ಬಂದು ಕೂತರು. "ಅತ್ತಿ, ಇನ್ನ ಮ್ಯಾಲೆ ಬರೇ ಪಾಕೀಟ ಇಡಾಕ ಆಗೂದಿಲ್ರಿ. ತಪಾಸಣಿ ಜೋರ್ ಆಗ್ಯಾವು. ಲೇಬಲ್ ಬೇಕು. ಮಾಡಿದವರ ಹೆಸರು, ಮನಿ ಪತ್ತೆ, ಒಳಗ ಏನೇನ್ ಅದ, ಯಾವತ್ತ ಮಾಡಿದ್ದು, ಯಾವತ್ತಿನ ತನಕ ತಿನ್ನಬೇಕು, ಎಲ್ಲಾ ಛಾಪಿಸ್ಬೇಕು. ಮತ್ತ ಒಂದ್ ಹಸರ ಚುಕ್ಕಿ." ಹಸಿರು ಚುಕ್ಕಿ ಅಂದರೆ ಸಸ್ಯಾಹಾರ ಎಂಬ ಗುರುತು. ಲೇಬಲ್ಲಿನ ಒಕ್ಕಣೆಯನ್ನು ಬರುವ ತಿಂಗಳ ಮೊದಲ ಸೋಮವಾರದೊಳಗೆ ಪ್ರೆಸ್ಸಿಗೆ ಕೊಡದಿದ್ದರೆ ಚಟ್ನಿ ಅಂಗಡಿಯಿಂದ ಇಳಿಯುತ್ತದೆ ಎಂದು ಹೇಳಿ ಚಹಾ ಕುಡಿದು ಹೋದರು.

ಹಸಿರು ಚುಕ್ಕಿಗೇನು ಸೋಮವಾರದ ತನಕ ಕಾಯಬೇಕು ಎನಿಸಿತು ಇಬ್ಬರಿಗೂ. ಮರುದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಬಳೆ ಅಂಗಡಿಯಿಂದ ಹಸಿರು ಟಿಕಲಿಗಳ ಹಾಳೆ ಹಾಳೆಗಳೇ ಬಂದಿದ್ದವು. ಹಣೆಗೆ ಅಂಟಿಸಿಕೊಳ್ಳುವ ಟಿಕಲಿ! ಪ್ರತಿ ಪಾಕೀಟಿನ ನಡುಮಧ್ಯಕ್ಕೆ ಒಂದೊಂದನ್ನು ಅಂಟಿಸಿ, ಸೊಟ್ಟಗಾದದ್ದನ್ನು ಕಿತ್ತು ನೆಟ್ಟಗೆ ಅಂಟಿಸಿ, ಕಾಕೂ ಒಂದರ ಮೇಲೆ ಮಾತ್ರ ಹೊಳೆಯುವ ಹರಳಿನ ಟಿಕಲಿ ಇಟ್ಟಿದ್ದರು. ಈರಣ್ಣ ನೋಡಿ ತಲೆ ಮೇಲೆ ಕೈ ಹೊತ್ತರು. "ಏನ್ರಿ ಅತ್ತಿ, ಚಟ್ನಿಗೆ ಅರಿಷಿಣ ಕುಂಕುಮಕ್ಕ ಕರದೀರೇನು?" ಆದರೂ ಹರಳಿನ ಟಿಕಲಿಯ ಪಾಕೀಟೇ ಮೊದಲು ಖರ್ಚಾಯಿತಂತೆ.

ಒಕ್ಕಣೆ ಬರೆಯುವ ಕೆಲಸ ನನಗೆ ಬಿತ್ತು. "ನೀ ಕಲ್ತಾಕಿ, ಕಚೇರಿಯಾಗ ಇದನ್ನs ಮಾಡ್ತೀ" ಎಂದರು ಅತ್ತೆ. ರವಿವಾರ ಮಧ್ಯಾಹ್ನ ಊಟ ಮುಗಿಸಿ, ಕನ್ನಡಕ ಹಾಕಿ, ಪೆನ್ನು ಹಿಡಿದು ಮೇಜಿಗೆ ಕೂತೆ. ಅತ್ತೆ ಒಂದು ಕಡೆ, ಕಾಕೂ ಒಂದು ಕಡೆ. ಹೆಸರು, ವಿಳಾಸದಲ್ಲಿ ತೊಂದರೆಯಾಗಲಿಲ್ಲ. ಕುಟ್ಟಾಣಿ ಇರುವ ಮನೆಯೇ ಕಾರಖಾನೆ ಎಂದು ಕಾಕೂ ತಾವೇ ಹೇಳಿದರು. ಯಾವತ್ತಿನ ತನಕ ತಿನ್ನಬೇಕು ಎಂಬಲ್ಲಿ ಸ್ವಲ್ಪ ತಡೆಯಾಯಿತು. ಅತ್ತೆಗೆ ಅದು ಅಪಶಕುನವೆನಿಸಿತು. "ಹುಟ್ಟಿದ ದಿನಾನೇ ಸಾಯೂ ತಾರೀಖ ಬರೀತಾರೇನು? ಕೆಡೂ ತನಕ ಯಾವಾಕಿ ಉಳಸ್ತಾಳ ಅದನ್ನ?" ಎಂದರು. ಎರಡು ತಿಂಗಳು ಎಂದು ಬರೆದೆ. ಅಷ್ಟು ದಿನ ಉಳಿದರೆ ತಿನ್ನುವವರದೇ ತಪ್ಪು ಎಂದು ಗೊಣಗಿ ಒಪ್ಪಿದರು.

ಆಮೇಲೆ ಒಳಗೇನಿದೆ ಎಂಬ ಪಟ್ಟಿ. ಶೇಂಗಾ, ಖಾರದ ಪುಡಿ, ಬಳ್ಳೊಳ್ಳಿ, ಉಪ್ಪು, ಜೀರಿಗೆ. ಬರೆದು ಮುಗಿಸಿ, ಕಲಿತವಳು ಎಂಬ ಗತ್ತಿಗೆ ನಾನು ಒಂದು ಮಾತು ಸೇರಿಸಿದೆ. ಮರಾಠಿಯಲ್ಲೇ ಹೇಳಿದೆ, ಕಾಕೂಗೂ ತಿಳಿಯಲಿ ಎಂದು: "ಇಷ್ಟೇ ತಾನೆ? ಬೇರೇನಾದರೂ ಇದ್ದರೆ ಈಗಲೇ ಹೇಳಿಬಿಡಿ. ಪಾಕೀಟು ಒಯ್ದು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡುತ್ತಾರಂತೆ. ಬರೆಯದ್ದು ಒಳಗೆ ಸಿಕ್ಕರೆ ಕೇಸು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಕೂ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಕೋರ್ಟಿನ ಗುಮಾಸ್ತರ ಹೆಂಡತಿ. ಕೇಸು ಎಂಬ ಶಬ್ದವನ್ನು ಜೀವಮಾನವಿಡೀ ಬೇರೆಯವರ ಬಗ್ಗೆಯೇ ಕೇಳಿದವರು. "ಅಲ್ಲಿ ಎಲ್ಲಾ ಗೊತ್ತಾಗುತ್ತದೆಯೇ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಎಲ್ಲಾ ಎಂದೆ. ಕಾಕೂ ಹೇಳಿದರು: "ತರ ಮಗ ಸಾಖರ ಲಿಹೀ." ಹಾಗಾದರೆ ಸಕ್ಕರೆ ಬರಿ.

"ಯಾವ ಸಕ್ಕರಿ?" ಎಂದರು ಅತ್ತೆ.

ಥೋಡೀಶೀ, ಸ್ವಲ್ಪವೇ ಸ್ವಲ್ಪ, ಎಂದು ಕಾಕೂ ಹೆಬ್ಬೆರಳಿಗೆ ತೋರುಬೆರಳು ಹಚ್ಚಿ ತೋರಿಸಿದರು. ಪರಾತ ತಮ್ಮ ಮನೆಗೆ ಬಂದಾಗಲೆಲ್ಲ ಹಾಕುತ್ತಿದ್ದರಂತೆ. ಮೊದಲ ದಿನದಿಂದಲೂ. ಅತ್ತೆಗೆ ನಗು ಬಂತು, ನಕ್ಕರು ಕೂಡ. ಆಮೇಲೆ ಆ ನಗು ಅರ್ಧಕ್ಕೇ ನಿಂತಿತು. "ಅಯ್ಯ ನಮ್ಮವ್ವಾ! ಅದಕ್ಕ ಅಲ್ಲೇನು ನಾ ಪ್ರತಿ ಸಲ ಮ್ಯಾಲೆ ಖಾರ ಸುರೀತಿದ್ದುದು!" ಎಂದು ಬಾಯಿಂದ ಬಂದೇಬಿಟ್ಟಿತು. ನಾನು ಕಾಕೂಗೆ ಅನುವಾದ ಮಾಡಬಾರದಿತ್ತು. ಮಾಡಿದೆ. ಈಗ ಕಾಕೂ ಕಣ್ಣು ಅಗಲವಾದವು. ಚಟ್ನಿ ಮಾರಾಟಕ್ಕೆ ಹೋದ ಮೇಲೆ ಅದರ ಖಾರ ಏಕೆ ಏರುತ್ತದೆ ಎಂದು ಅವರೂ ಇಷ್ಟು ವರ್ಷ ಯೋಚಿಸುತ್ತಿದ್ದರಂತೆ. ನಿಮ್ಮ ಕಡೆಯ ಮೆಣಸಿನಕಾಯಿ ಇಟ್ಟಷ್ಟೂ ಖಾರವಾಗುವ ಜಾತಿಯದು ಎಂದು ತೀರ್ಮಾನಿಸಿ, ಅದಕ್ಕಾಗಿಯೇ ಸಕ್ಕರೆಯನ್ನು ಇನ್ನೊಂದು ಚಿಟಿಕೆ ಏರಿಸಿದ್ದರಂತೆ. ಅತ್ತೆಯೂ ಈ ಊರಿನ ಶೇಂಗಾ ಬರಬರುತ್ತ ಜಾಸ್ತಿ ಖಾರ ನುಂಗುತ್ತಿವೆ ಎಂದು ತಮ್ಮ ಪುಡಿ ಏರಿಸಿದ್ದರು.

ನನಗೆ ನಗು ತಡೆಯಲಿಲ್ಲ. ನಾನೊಬ್ಬಳೇ ನಕ್ಕದ್ದು.

ಆರು ರಸಗಳೆಂದು ನಮ್ಮ ಹಿರಿಯರು ಎಣಿಸಿಟ್ಟಿದ್ದಾರೆ. ಸಿಹಿ ಮೊದಲು, ಆಮೇಲೆ ಹುಳಿ, ಉಪ್ಪು, ಖಾರ, ಕಹಿ, ಒಗರು. ಆರೂ ಸೇರಿದರೆ ಊಟ ಪೂರ್ಣವಂತೆ. ಒಂದೇ ಪರಾತದಲ್ಲಿ ಸೇರುವಾಗ ಅವುಗಳ ಮನಸ್ಸಿಗೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ವಿಸ್ತರಿಸಿ ಬರೆದು ಒಳ್ಳೆಯ ಅಂಕ ತೆಗೆದವಳು. ನಮ್ಮ ಮನೆಯಲ್ಲಿ ಊಟ ಬಲ್ಲವರಿಬ್ಬರ ನಡುವೆ ಮಾತು ಬಂದೇ ಜಗಳವಾಯಿತು. ಅವರಿಬ್ಬರೂ ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯದೆ ಎಷ್ಟು ಸುಖವಾಗಿದ್ದರು! ಅನುವಾದ ಮಾಡುವ ಸೊಸೆ ಒಬ್ಬಳು ನಡುವೆ ಕೂತದ್ದೇ ಎಡವಟ್ಟು.

ಜಗಳ ಅಂದರೆ ಕೂಗಾಟವಲ್ಲ. ಕೂಗಾಡಿದ್ದರೆ ಸಂಜೆಗೆ ಮುಗಿಯುತ್ತಿತ್ತು. ಮರ್ಯಾದೆ ಶುರುವಾಯಿತು. ಹಗಲೆಲ್ಲ ತೆರೆದೇ ಇರುತ್ತಿದ್ದ ಎರಡು ಬಾಗಿಲುಗಳು ಮುಚ್ಚಿಕೊಂಡವು. ಕಾಕೂ ಈಗ ಬೆಲ್ಲು ಒತ್ತಿ, ಅತ್ತೆ ತೆರೆಯುವ ತನಕ ಹೊರಗೆ ನಿಲ್ಲುತ್ತಿದ್ದರು. ಅತ್ತೆ "ಯಾ ರೀ" ಎನ್ನುವಾಗ ಆ "ರೀ" ಯಲ್ಲಿ ಹಿಂದಿನ ಎಳೆತವಿರಲಿಲ್ಲ. "ನನ್ನ ಚಟ್ನಿ ಛಲೋ ಇಲ್ಲಂದ್ರ ಒಂದ್ ಮಾತು ಹೇಳಬಾರದೇನು ಆಕಿ? ಇಷ್ಟ ವರ್ಷ ಊರೆಲ್ಲಾ ಗೌರವ್ವನ ಚಟ್ನಿ, ಗೌರವ್ವನ ಚಟ್ನಿ ಅಂದ್ರ ಉಬ್ಬಿ ಹೋಗ್ತಿದ್ನಿ. ಅದು ನಂದ ಅಲ್ಲಂತ!" ಎಂದು ನನ್ನ ಮುಂದೆ ಅತ್ತರು. ಎದುರು ಮನೆಯಲ್ಲಿ ಕಾಕೂ ನನ್ನನ್ನು ಕೂರಿಸಿಕೊಂಡು ಇನ್ನೊಂದು ಹೇಳಿದರು. ಚಟ್ನಿ ಖಾರವೆಂದು ತಾವು ಸಕ್ಕರೆ ಹಾಕಲು ಶುರುಮಾಡಿದ್ದೇ ಅಲ್ಲವಂತೆ. ಗೆಳತಿಯ ಮನೆಯ ಪಾತ್ರೆ ತಮ್ಮ ಮನೆಗೆ ಬಂದರೆ ಅದರಲ್ಲಿ ತಮ್ಮದೊಂದು ಏನಾದರೂ ಬೀಳದೆ ತಿರುಗಿ ಹೋಗುವುದು ಹೇಗೆ? ಬಟ್ಟಲಾದರೇನು, ಪರಾತವಾದರೇನು? "ಮೀ ಚೋರೀ ನಾಹೀ ಕೇಲೀ ಗ", ನಾನು ಕಳ್ಳತನ ಮಾಡಲಿಲ್ಲ ಕಣೇ, ಎಂದು ಅವರೂ ಕಣ್ಣೊರೆಸಿಕೊಂಡರು. ನಾನು ಎರಡೂ ಮನೆಯ ಚಹಾ ಕುಡಿದು ನಡುವಿನ ಮೆಟ್ಟಿಲ ಮೇಲೆ ನಿಂತೆ. ಈ ಸಲ ಅನುವಾದ ಮಾಡಲು ಧೈರ್ಯ ಬರಲಿಲ್ಲ.

ಮುಂದಿನ ಶನಿವಾರ ಚಟ್ನಿಯೇನೋ ಆಯಿತು, ಕಾಕೂ ಬಂದು ಸಿಪ್ಪೆ ತೂರಿದರು, ಪರಾತ ರೂಢಿಯಂತೆ ಎದುರು ಮನೆಗೆ ಹೋಗಿ ಸಂಜೆ ತಿರುಗಿ ಬಂತು. ಜೊತೆಗೆ ಮೇಣಬತ್ತಿಯೂ ಬಂತು, ಮರೆಯದೆ. ಕಾಕೂ ತಲೆನೋವೆಂದು ಹೋದರು. ಅತ್ತೆ ಬಟ್ಟೆ ತೆಗೆದರು. ಚಟ್ನಿ ಮಟ್ಟವಾಗಿ ಹರಡಿತ್ತು. ಅದರ ಮೇಲೆ ಅತ್ತೆ ಬೆಳಿಗ್ಗೆ ಎಳೆದ ನಾಲ್ಕು ಬೆರಳಿನ ಗೆರೆ ಇನ್ನೂ ಹಾಗೇ ಇತ್ತು. ಇಷ್ಟು ವರ್ಷ ಆ ಗೆರೆ ತಿರುಗಿ ಬಂದದ್ದನ್ನು ನಾವು ನೋಡಿರಲೇ ಇಲ್ಲ. ಅಳಿಸಿರುತ್ತಿತ್ತು, ಅಳಿಸಿದವರು ಯಾರು ಎಂದು ಕೇಳಿಕೊಂಡೂ ಇರಲಿಲ್ಲ. ಅತ್ತೆ ಪರಾತದ ಅಂಚು ಹಿಡಿದುಕೊಂಡು ಕೂತರು. "ಹೆಂಗ ಕೊಟ್ಟಿದ್ನೋ ಹಂಗs ಕೊಟ್ಟಾಳ ನೋಡs" ಎಂದರು. ಖಾರದ ಡಬ್ಬಿ ಪಕ್ಕದಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

ಅದು ಅಚ್ಚ ಬಿಜಾಪುರದ ಚಟ್ನಿ. ಅತ್ತೆಯ ತವರಿನಲ್ಲಿ ಹೇಗೆ ಮಾಡುತ್ತಿದ್ದರೋ ಹಾಗೆ. ರಾತ್ರಿ ಊಟಕ್ಕೆ ಕೂತ ನಮ್ಮವರು ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ತಿಂದು, "ಅವ್ವಾ, ಇವತ್ತ ಚಟ್ನಿ ಪೂರಾ ಕಾಕೂ ಕೈಲೆ ಮಾಡ್ಸಿದೇನು? ಎಂದಿನಂಗ ಇಲ್ಲಲ್ಲ" ಎಂದರು. ಅವ್ವನ ಭಕ್ತರ ಬಾಯಿಂದಲೇ ಈ ಮಾತು ಬರಬೇಕೆ! ಅತ್ತೆ ಮಜ್ಜಿಗೆ ಬಡಿಸಿದರು. ರವಿವಾರ ಈರಣ್ಣನೂ ಅದನ್ನೇ ಹೇಳಿ ಕಳಿಸಿದರು. ನಮ್ಮ ಕಡೆಯವರು ಖಾರ ಸಾಲದು ಅಂದರಂತೆ, ಪುಣೆಯವರು ಖಾರ ಜಾಸ್ತಿ ಅಂದರಂತೆ. ಸ್ಕೂಟಿ ಹುಡುಗಿ ಅರ್ಧ ಪಾಕೀಟು ತಿರುಗಿ ತಂದು, "ಆಂಟಿಗೆ ಹುಷಾರಿಲ್ವಾ?" ಎಂದು ವಿಚಾರಿಸಿದಳಂತೆ.

ನನಗೆ ನಿಜವಾಗಿ ಭಯವಾದದ್ದು ಆಗ. ಚಟ್ನಿ ಹೋದರೆ ಹೋಗಲಿ, ನಮ್ಮ ಮನೆ ಅದರ ಮೇಲೆ ನಿಂತಿರಲಿಲ್ಲ. ಆದರೆ ಈ ಊರಿನಲ್ಲಿ ಅತ್ತೆಗೆ ಇದ್ದವರು ಎಂದರೆ ಎದುರು ಮನೆಯವರೊಬ್ಬರು. ಮಗ ಬೆಳಿಗ್ಗೆ ಚಾಕಣಕ್ಕೆ, ಸೊಸೆ ಕಚೇರಿಗೆ, ಮೊಮ್ಮಗಳು ಶಾಲೆಗೆ. ಆ ಬಾಗಿಲು ಮುಚ್ಚಿದರೆ ಇಡೀ ಹಗಲು ಅವರು ಯಾರ ಜೊತೆ ಮಾತಾಡಬೇಕು? ಕಾಕೂ ಕಥೆ ಇನ್ನೂ ಕಷ್ಟ, ಅವರಿಗೆ ಸಂಜೆಗೆ ಬರುವವರೂ ಇರಲಿಲ್ಲ. ಒಂದು ಕಾಗದದ ಚೀಟಿಗಾಗಿ ನಾನು ಕೇಳಿದ ಒಂದು ಪ್ರಶ್ನೆಯಿಂದ ಇಷ್ಟಾಯಿತಲ್ಲ!

ಸೋಮವಾರ ಬೆಳಿಗ್ಗೆ ಒಕ್ಕಣೆಯನ್ನು ಪ್ರೆಸ್ಸಿಗೆ ಕೊಡಲೆಂದು ಚೀಲದಲ್ಲಿಟ್ಟುಕೊಂಡು ಹೊರಟಿದ್ದೆ. ಅತ್ತೆ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಸಕ್ಕರಿ ಬರದೀಯೇನು?"

"ಇಲ್ಲ ಅತ್ತಿ, ಈಗ ಸಕ್ಕರಿ ಹಾಕೂದಿಲ್ಲಲ್ಲ."

"ಬರೀ."

"ಒಳಗಿಲ್ಲದ್ದ ಬರದ್ರ ಅದೂ ತಪ್ಪಾಗ್ತದ ಅತ್ತಿ. ಕಾಯದಾ ಹಂಗೈತಿ."

"ಗೊತ್ತದ ನನಗ. ಅದಕ್ಕs ಬರೀ ಅನ್ನಾಕತ್ತೀನಿ" ಎಂದರು ಅತ್ತೆ. "ಕಾಯದಾಕ್ಕ ಅಂಜ್ತಾಳ ಆಕಿ. ನನ್ನ ಮಾತ ಕೇಳಲಿಕ್ಕಿಲ್ಲ, ಅದರ ಮಾತ ಕೇಳ್ತಾಳ."

ನಾನು ಚಪ್ಪಲಿ ಮೆಟ್ಟಿಕೊಂಡೇ ಗೋಡೆಗೆ ಕಾಗದ ಒತ್ತಿ ಬರೆದೆ. ಸಕ್ಕರೆ ಎಷ್ಟು, ಖಾರಕ್ಕಿಂತ ಮೊದಲು ಬರೆಯಲೋ ಆಮೇಲೋ ಎಂದು ಕೇಳಿದ್ದಕ್ಕೆ ಅತ್ತೆ ಗದರಿದರು: "ಖಾರ ಮುಂದ ಬರೀ. ಇನ್ನ ಅಷ್ಟೂ ಸೋಲೂದಿಲ್ಲ ನಾ!"

ಗುರುವಾರ ಲೇಬಲ್ಲು ಬಂದವು. ಮೇಲೆ ಮರಾಠಿ, ಕೆಳಗೆ ಇಂಗ್ಲಿಷ್, ಮೂಲೆಯಲ್ಲಿ ಚೌಕದೊಳಗೆ ಹಸಿರು ಚುಕ್ಕಿ. ಈ ಚುಕ್ಕಿ ಟಿಕಲಿಯಷ್ಟು ಚೆಂದ ಕಾಣುವುದಿಲ್ಲವೆಂದು ಅತ್ತೆ ಮೂಗು ಮುರಿದರು. ಆಮೇಲೆ ಒಂದು ಲೇಬಲ್ಲು ತೆಗೆದುಕೊಂಡು, ಸೀರೆ ಸರಿಮಾಡಿಕೊಂಡು, ಎದುರು ಬಾಗಿಲಿಗೆ ಹೋದರು, ಬೆಲ್ಲು ಒತ್ತಲಿಲ್ಲ. ಅಂಗೈಯಿಂದ ಬಡಿದರು. ನಾನು ನಮ್ಮ ಹೊಸ್ತಿಲಲ್ಲೇ ನಿಂತೆ. ಕಾಕೂ ತೆರೆದರು. ಅತ್ತೆ ತಮ್ಮ ಸ್ವಂತ ಮರಾಠಿಯಲ್ಲಿ, ಯಾರ ಅನುವಾದವೂ ಇಲ್ಲದೆ ಹೇಳಿದರು: "ಕಾಕೂ, ಛಾಪಲಾ ರೀ. ಆತಾ ಸಾಖರ ನಾಹೀ ತರ ಕೇಸ ಹೋತೇ ರೀ. ಮಲಾ ಪಣ, ತುಮಾಲಾ ಪಣ!" ಅಚ್ಚಾಗಿ ಹೋಯಿತು, ಇನ್ನು ಸಕ್ಕರೆ ಇಲ್ಲದಿದ್ದರೆ ಕೇಸು, ನನಗೂ, ನಿಮಗೂ.

ಕಾಕೂ ಒಳಗೆ ಹೋಗಿ ಕನ್ನಡಕ ತಂದರು. ಲೇಬಲ್ಲನ್ನು ಬಾಗಿಲ ಬೆಳಕಿಗೆ ಹಿಡಿದು ಮೇಲಿನಿಂದ ಓದುತ್ತ ಬಂದರು, ಗೌರವ್ವ ಎಂಬ ಹೆಸರು, ವಿಳಾಸ, ಶೇಂಗಾ, ಖಾರ, ಬಳ್ಳೊಳ್ಳಿ, ಉಪ್ಪು. ನಿಮ್ಮ ಹೆಸರೂ ಹಾಕಿಸೋಣ ಕಾಕೂ ಎಂದು ನಾನು ಹೊಸ್ತಿಲಿನಿಂದಲೇ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಅವರ ಬೆರಳು "ಸಾಖರ" ಎಂಬ ಅಕ್ಷರದ ಮೇಲೆ ಬಂದು ನಿಂತಿತ್ತು.

"ಹೀ ಮೀ" ಎಂದರು. ಇದು ನಾನು.

ಅತ್ತೆ ಕೂಡಲೇ ತಮ್ಮ ಬೆರಳನ್ನು ಎರಡು ಸಾಲು ಮೇಲೆ, ಖಾರದ ಮೇಲೆ ಇಟ್ಟರು. "ಮತ್ತ ಇದು ನಾ!" ಎಂದರು. ಇಬ್ಬರೂ ಒಂದು ಅಂಗೈಯಗಲದ ಕಾಗದದ ಮೇಲೆ ಬೆರಳಿಟ್ಟುಕೊಂಡು, ಮೊದಲು ಸಣ್ಣಗೆ, ಆಮೇಲೆ ಕೆಳಗಿನ ಮನೆಯವರು ಮತ್ತೆ ಓಡಿ ಬರುವಷ್ಟು ಜೋರಾಗಿ ನಕ್ಕರು. ನನ್ನ ಕಣ್ಣಿಗೆ ಯಾಕೋ ನೀರು ಬಂತು. ಮೆಣಸಿನ ಘಾಟು ಎಂದೆ, ಯಾರೂ ಕೇಳಿರಲಿಲ್ಲ.

ಆ ಶನಿವಾರ ನಾನು ಕಚೇರಿಯಿಂದ ಮಧ್ಯಾಹ್ನವೇ ಬಂದಿದ್ದೆ. ಅತ್ತೆ ಚಟ್ನಿಯನ್ನು ಹರವಿ, ಮಟ್ಟ ಮಾಡಿ, ಗೆರೆ ಎಳೆದು, ಬಟ್ಟೆ ಮುಚ್ಚಿ ಎದುರು ಮನೆಗೆ ಕಳಿಸಿದರು. ಈಗ ಎಲ್ಲ ಅಚ್ಚಾಗಿಯೇ ಇದೆಯಲ್ಲ, ಕುಟ್ಟುವಾಗಲೇ ಸಕ್ಕರೆ ಹಾಕಿಬಿಟ್ಟರೆ ಕೆಲಸ ಉಳಿಯುತ್ತದೆ, ಅಳತೆಯೂ ಸರಿಯಾಗುತ್ತದೆ ಎಂದು ನಾನು ಕಲಿತವಳ ಸಲಹೆ ಕೊಟ್ಟಿದ್ದೆ. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಇಂಥ ಸೊಸೆಯನ್ನು ತಂದುಕೊಂಡೆನಲ್ಲ ಎಂಬ ವ್ಯಥೆ ಇತ್ತು. ಸಂಜೆ ಪರಾತ ಬಂತು. ಮೇಣಬತ್ತಿ ಬಂದಿರಲಿಲ್ಲ, ಕಾಕೂ ಅದನ್ನು ತರಲು ನಿಧಾನವಾಗಿ, ಬಹಳ ನಿಧಾನವಾಗಿ ತಿರುಗಿ ಹೋದರು. ಅತ್ತೆ ಬಟ್ಟೆ ತೆಗೆದರು. ಗೆರೆ ಅಳಿಸಿತ್ತು.

ಸರಕಾರಕ್ಕೆ ಒಳಗಿರುವುದೆಲ್ಲ ತಿಳಿದಿರಬೇಕು. ಅದು ಸರಕಾರದ ಕೆಲಸ, ಮಾಡಲಿ ಪಾಪ. ಎದುರುಬದುರು ಮನೆಯಲ್ಲಿ ಬಾಳುವವರಿಗೆ ತಿಳಿದೂ ತಿಳಿಯದಂತಿರುವ ಕೆಲಸ ಬೇರೆ ಇರುತ್ತದೆ. ಅತ್ತೆ ಚಟ್ನಿಯನ್ನು ನಾಲಿಗೆಗೆ ಹಚ್ಚಿ ನೋಡಿದರು, ಮುಖ ಕಿವುಚಿದರು, "ಭಾಳ ಸೀ ಮಾಡ್ಯಾಳ ನೋಡು ಈ ಸಲ!" ಎಂದು ಸಂತೋಷದಿಂದ ಬೈದರು. ಆಮೇಲೆ ಖಾರದ ಡಬ್ಬಿಗೆ ಕೈ ಹಾಕಿ ಒಮ್ಮೆ ಬಾಗಿಲ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತು ಲೇಬಲ್ಲು ಓದತೊಡಗಿದೆ.